ಅಲ್ ಗುಬ್ರಾದಲ್ಲಿ ಜಪಾನಿ ಮದುಮಗಳು

ಆ ಶುಕ್ರವಾರ ನಮ್ಮ ಓದುಗರ ಕೂಟದಲ್ಲಿ ಮೂವರು ಅತ್ತರೆಂದು ನನ್ನ ನೆನಪು. ಇಬ್ಬರೇ ಇರಬಹುದು. ಶಾಲೆಯ ಟೀಚರಮ್ಮ ಅತ್ತದ್ದು ಮಾತ್ರ ಖಚಿತ. ಕಣ್ಣೊರೆಸಿಕೊಂಡ ಟಿಶ್ಯೂ ಪೇಪರನ್ನು ಅವರು ನನ್ನ ತಟ್ಟೆಯಲ್ಲಿದ್ದ ಗಿರ್ಮಿಟ್ಟಿನ ಪಕ್ಕಕ್ಕೇ ಇಟ್ಟಿದ್ದರು. ಅವರು ಅತ್ತದ್ದು ನೂರು ವರ್ಷಗಳಷ್ಟು ಹಿಂದೆ ಗಂಡನ ಫೋಟೋ ಹಿಡಿದುಕೊಂಡು ಹಡಗು ಹತ್ತಿದ ಜಪಾನಿ ಹುಡುಗಿಯೊಬ್ಬಳಿಗಾಗಿ. ಅದೂ ಕಾದಂಬರಿಯೊಳಗಿನ ಹುಡುಗಿ.

ಕೂಟ ಸೇರುವುದು ತಿಂಗಳಿಗೊಮ್ಮೆ, ಮಸ್ಕತ್ತಿನ ಅಲ್ ಗುಬ್ರಾದ ಒಂದು ಫ್ಲ್ಯಾಟಿನಲ್ಲಿ. ಮನೆಯ ಯಜಮಾನರು ಬಾಗಲಕೋಟೆ ಕಡೆಯವರು, ಗುತ್ತಿಗೆ ಕಂಪನಿಯೊಂದರಲ್ಲಿ ಹಿರಿಯ ಇಂಜಿನಿಯರ್. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಾರೆ, ಅವರಿಗೂ ಅದು ಹಿಡಿಸಿದೆ. ಅವರ ಹೆಂಡತಿ ನಮಗೆಲ್ಲ ವೈನಿ. ಕೂಟಕ್ಕೆ ಬರುವವರು ಬಹುತೇಕ ಸಂಬಳದ ಜನ: ಎ.ಸಿ. ಕಾರಿನಲ್ಲಿ ಬಂದು, ಎ.ಸಿ. ಕೋಣೆಯಲ್ಲಿ ಕುಳಿತು, ಬಿಸಿಲಿನಲ್ಲಿ ದುಡಿದವರ ಕಥೆ ಓದಿ ನಿಟ್ಟುಸಿರು ಬಿಡುವವರು. ಇವರೊಳಗೆ ಬೇರೆ ಥರದವರೆಂದರೆ ಅಲ್ ಅಮೇರಾತ್‌ನಲ್ಲಿ ಪಾತ್ರೆ ಅಂಗಡಿ ಇಟ್ಟ ಬ್ಯಾರಿ ಸಾಹುಕಾರರೊಬ್ಬರು. ಅವರು ಪುಸ್ತಕ ಓದಿಕೊಂಡು ಬರುವುದಿಲ್ಲ, ಓದಿದ್ದೇನೆ ಎಂದು ಹೇಳುವುದೂ ಇಲ್ಲ. ಉಳಿದವರು ಎರಡನೆಯದನ್ನಾದರೂ ಅವರಿಂದ ಕಲಿಯಬಹುದಿತ್ತು.

ಆ ತಿಂಗಳು ಮಾತಾಡಬೇಕಾದವನು ನಾನು. ಧಾರವಾಡದಲ್ಲಿ ಎಂ.ಫಿಲ್. ಮಾಡುವಾಗ ಈ ಜಪಾನಿ ವಧುಗಳ ಕಾದಂಬರಿಗಳ ಮೇಲೆಯೇ ಪ್ರಬಂಧ ಬರೆದಿದ್ದೆ. ಆಮೇಲೆ ಪಿಎಚ್.ಡಿ. ಬಿಟ್ಟೆ, ಊರು ಬಿಟ್ಟೆ. ಈಗ ಮಸ್ಕತ್ತಿನ ಒಂದು ಕಂಪನಿಯಲ್ಲಿ ಯಂತ್ರಗಳ ಕೈಪಿಡಿ ಬರೆಯುತ್ತೇನೆ. ಹಾಗೆ ನೋಡಿದರೆ ಕೈಪಿಡಿಯಲ್ಲಿ ಪ್ರಬಂಧಕ್ಕಿಂತ ಕಡಿಮೆ ಸುಳ್ಳಿರುತ್ತದೆ.

ಗೊತ್ತಿಲ್ಲದವರಿಗಾಗಿ ಆ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹವಾಯಿಯ ಕಬ್ಬಿನ ಗದ್ದೆಗಳಿಗೆ, ಅಮೆರಿಕದ ಹೊಲಗಳಿಗೆ ಕೂಲಿಗೆ ಹೋದ ಜಪಾನಿ ಗಂಡಸರಿಗೆ ಹೆಣ್ಣು ನೋಡಲು ಊರಿಗೆ ಬರುವಷ್ಟು ಕೈಯಲ್ಲಿ ದುಡ್ಡು ಓಡಾಡುತ್ತಿರಲಿಲ್ಲ. ಹಾಗಾಗಿ ಅತ್ತಲಿಂದ ಫೋಟೋ ಬರುತ್ತಿತ್ತು, ಇತ್ತಲಿಂದ ಫೋಟೋ ಹೋಗುತ್ತಿತ್ತು, ಹಿರಿಯರು ಮಾತಾಡಿಕೊಳ್ಳುತ್ತಿದ್ದರು. ಗಂಡಿನ ಮನೆತನದ ದಾಖಲೆಯಲ್ಲಿ ಹುಡುಗಿಯ ಹೆಸರು ಸೇರಿಸಿದರೆ ಮದುವೆ ಆದಂತೆ. ಗಂಡನ ಮುಖವನ್ನು ಅವಳು ಮೊದಲ ಸಲ ನೋಡುತ್ತಿದ್ದುದು ಬಂದರಿನಲ್ಲಿ. ಅಲ್ಲಿ ನಿಂತವನು ಫೋಟೋದವನಿಗಿಂತ ಎಷ್ಟೋ ವರ್ಷ ದೊಡ್ಡವನು. ಫೋಟೋದ ಕೋಟು ಬಾಡಿಗೆಯದು. ಬೆನ್ನ ಹಿಂದಿನ ಮನೆ ಧಣಿಯದು. ಕೆಲವೊಮ್ಮೆ ಫೋಟೋದ ಮುಖವೂ ಬೇರೆ ಯಾರದೋ.

ಇದು ನಿಜವಾಗಿ ನಡೆದದ್ದು, ನಡೆದದ್ದು ಕ್ರೂರ. ನನ್ನ ಜಗಳ ಅದರ ಜೊತೆಗಲ್ಲ, ಅದರ ಮೇಲೆ ಬೆಳೆದ ಕಾದಂಬರಿಗಳ ಜೊತೆಗೆ. ನಾನು ಓದಿದ ಅಷ್ಟರಲ್ಲೂ ಹಡಗಿನಲ್ಲಿ ವಾಂತಿ ಇದೆ, ರೇಷ್ಮೆ ನಿಲುವಂಗಿ ಇದೆ, ಬಂದರಿನಲ್ಲಿ ಕುಸಿಯುವ ಮುಖ ಇದೆ, ಸತ್ತ ಕೂಸೊಂದು ಇದೆ, ಕೊನೆಗೆ ಮುದುಕಿಯ ಮೌನ ಇದೆ. ಹೆಂಗಸಿನ ಬೆನ್ನು ಮುರಿದಷ್ಟೂ ವಾಕ್ಯ ಚೆಂದವಾಗುತ್ತಾ ಹೋಗುತ್ತದೆ. ಸುಳ್ಳು ಫೋಟೋ ಕಳಿಸಿದ ಗಂಡಸು ಮಾತ್ರ ಮಳೆ ಚಳಿಯ ಹಾಗೆ ಬಂದು ಬಡಿದು ಹೋಗುತ್ತಾನೆ. ಅವನನ್ನು ಕೂರಿಸಿ, ಆ ಬಾಡಿಗೆ ಕೋಟು ತೊಡಿಸಿ, ಗದ್ದ ಎತ್ತು ಎಂದು ಹೇಳಿ ಫೋಟೋ ತೆಗೆಸಿದವರು ಯಾರು ಎಂದು ಯಾವ ಕಾದಂಬರಿಕಾರರೂ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಪ್ರಬಂಧವೂ ಕೇಳಿರಲಿಲ್ಲ. ಅದು ಮೌನದ ರಾಜಕಾರಣದ ಬಗ್ಗೆ ಎರಡು ಅಧ್ಯಾಯ ಬರೆದು ಮಾರ್ಗದರ್ಶಕರನ್ನು ಖುಷಿಪಡಿಸಿತ್ತು.

ಕೂಟದಲ್ಲಿ ಇಷ್ಟು ಕಹಿಯಾಗಿ ಮಾತಾಡಲಿಲ್ಲ. ಕಥೆ ಹೇಳಿದೆ. ಅದರಲ್ಲೂ ಒಂದು ದೃಶ್ಯವನ್ನು ಬಿಡಿಸಿ ಹೇಳಿದೆ: ಬಂದರಿನಿಂದ ಗುಡಿಸಲಿಗೆ ಬಂದ ಮದುಮಗಳು ಅಳುವುದಿಲ್ಲ, ಅಕ್ಕಿ ಎಲ್ಲಿಟ್ಟಿದ್ದೀರಿ ಎಂದು ಗಂಡನನ್ನು ಕೇಳುತ್ತಾಳೆ. ಟೀಚರಮ್ಮ ಅತ್ತದ್ದು ಅಲ್ಲಿಯೇ. ಆ ಪುಟ ಓದುವಾಗಲೂ ತಮಗೆ ತಡೆಯಲಾಗಲಿಲ್ಲ ಎಂದರು. ಇನ್ನೊಬ್ಬರು ಅದೇ ಪುಟಕ್ಕೆ ಗುರುತು ಹಾಕಿಟ್ಟಿದ್ದೇನೆ ಎಂದರು. ಮರುದಿನ ನಾನು ಪುಸ್ತಕ ತಿರುವಿ ಹಾಕಿದೆ. ಆ ದೃಶ್ಯ ಅದರಲ್ಲಿಲ್ಲ. ಬೇರೆ ಯಾವುದಾದರೂ ಪುಸ್ತಕದ್ದಿರಬೇಕು, ಅಥವಾ ನನ್ನ ತಲೆಯೇ ಬರೆದದ್ದಿರಬೇಕು. ಇಲ್ಲದ ಪುಟಕ್ಕೆ ಅವರು ಗುರುತು ಹಾಕಿದ್ದು ಹೇಗೆ ಎಂದು ನಾನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಮುಂದಿನ ತಿಂಗಳ ಗಿರ್ಮಿಟ್ಟಿಗೆ ಕುತ್ತು.

ವೈನಿಯನ್ನೂ ಯಾರೋ ಕೇಳಿದರು, ನೀವು ಓದಿದಿರಾ ಎಂದು. ಅವರು ಚಹಾ ಮಾಡಿ ದೊಡ್ಡ ಫ್ಲಾಸ್ಕಿಗೆ ತುಂಬಿ ತಂದಿಡುತ್ತಿದ್ದರು. ಅರ್ಧಕ್ಕೆ ಬಿಟ್ಟೆ ಎಂದರು. ಹುಡುಗಿ ಹಡಗಿನಿಂದ ಇಳಿಯುವ ಹೊತ್ತಿಗೆ ತಮ್ಮ ತಾಳ್ಮೆ ಮುಗಿದಿತ್ತಂತೆ. ಎಲ್ಲರೂ ನಕ್ಕರು. ಸಾಹೇಬರು ಮಾತ್ರ ಪುಸ್ತಕದ ಪರವಾಗಿ ಸ್ವಲ್ಪ ನೊಂದುಕೊಂಡರು.

ಚರ್ಚೆಯ ಕೊನೆಯಲ್ಲಿ ಬ್ಯಾರಿ ಸಾಹುಕಾರರು ತಮ್ಮ ಏಕೈಕ ಪ್ರಶ್ನೆ ಕೇಳಿದರು. "ಎಲ್ಲ ಸರಿ ಮಾರಾಯ್ರೆ. ಆ ಹುಡುಗಿಯ ಗಂಡನಿಗೆ ಕಫೀಲ್ ಯಾರು? ಫ್ಯಾಮಿಲಿ ವೀಸಾ ಹೇಗೆ ಸಿಕ್ಕಿತು ಅವನಿಗೆ? ನನ್ನ ಅಂಗಡಿಯ ಹುಡುಗರಿಗೆ ಹತ್ತು ವರ್ಷವಾದರೂ ಸಿಗಲಿಲ್ಲವಲ್ಲ."

ನಗು ಎದ್ದಿತು. ಆ ಕಾಲಕ್ಕೆ ವೀಸಾ ಕೊಡಿಸುವ ಕಫೀಲ್ ಎಂಬ ಪ್ರಾಯೋಜಕ ಇರಲಿಲ್ಲ ಎಂದು ನಾನು ವಿವರಿಸಲು ಹೋದೆ. ಅವರು ಕೇಳಿದ್ದು ಅದನ್ನಲ್ಲ ಎಂದು ಹೊಳೆಯುವಷ್ಟರಲ್ಲಿ ಸಾಹೇಬರು ಎದ್ದು ನಿಂತು, ಯಾರೂ ಹೋಗಬೇಡಿ, ಮನೆಯದೊಂದು ಸಣ್ಣ ಶುಭಕಾರ್ಯ ಇದೆ ಎಂದರು.

ಶುಭಕಾರ್ಯವೆಂದರೆ ವಿಡಿಯೋ ಕಾಲ್. ಸಾಹೇಬರ ಕಾಕಾನ ಮಗನೊಬ್ಬ ಮಸ್ಕತ್ತಿನಿಂದ ಬಹು ದೂರದ ಕರಾವಳಿ ಊರು ಸಹಮ್‌ನಲ್ಲಿದ್ದಾನೆ. ತೋಟಗಳ ನೀರಿನ ಪಂಪು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಮೂವತ್ತರ ಆಚೀಚೆ ವಯಸ್ಸು. ಅವನಿಗೆ ಗದಗಿನ ಹುಡುಗಿಯೊಬ್ಬಳನ್ನು ನೋಡಿದ್ದರು. ಬಿ.ಎಸ್ಸಿ. ಓದಿ ಅಲ್ಲಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದವಳು. ಬಯೋಡೇಟಾದಲ್ಲಿ ಇವನು ಮಸ್ಕತ್ತಿನಲ್ಲಿ ಟೆಕ್ನಿಕಲ್ ಇಂಜಿನಿಯರ್. ಮೊದಲನೆಯ ಮಾತನ್ನು ಬೇಕಾದರೆ ಕ್ಷಮಿಸಬಹುದು, ನಮ್ಮ ಊರುಗಳಲ್ಲಿ ಒಮಾನ್ ಎಂಬ ದೇಶವೇ ಇಲ್ಲ, ಇರುವುದು ಮಸ್ಕತ್ ಮಾತ್ರ. ಎರಡನೆಯದು ಸಾಹೇಬರ ಸ್ವಂತ ರಚನೆ. ಫೋಟೋದಲ್ಲಿ ಅವನು ಒಂದು ದೊಡ್ಡ ಬಿಳಿ ಗಾಡಿಗೆ ಒರಗಿ ನಿಂತಿದ್ದ. ಗಾಡಿ ಅವನ ಕಫೀಲನದು. ಈ ಕರಾವಳಿಯ ಉದ್ದಕ್ಕೂ ಕಫೀಲನ ಗಾಡಿಗೆ ಒರಗದ ಮದುಮಗನ ಫೋಟೋ ಹುಡುಕುವುದು ಕಷ್ಟ. ಕೆಲವು ಕಫೀಲರು ತಾವೇ ನಿಂತು ಫೋಟೋ ತೆಗೆದುಕೊಡುತ್ತಾರಂತೆ.

ಹುಡುಗಿಯ ತಂದೆ ಮನೆ ತೋರಿಸಿ ಎಂದಿದ್ದರು. ಅದಕ್ಕೇ ಇವನು ಬೆಳಿಗ್ಗೆ ಸಹಮ್‌ನಿಂದ ಬಸ್ಸು ಹತ್ತಿ ಬಂದು, ತಲೆಗೂದಲು ಕತ್ತರಿಸಿಕೊಂಡು, ಸಾಹೇಬರ ಅಂಗಿ ತೊಟ್ಟು ಒಳಕೋಣೆಯಲ್ಲಿ ಕುಳಿತಿದ್ದ. ಈ ಫ್ಲ್ಯಾಟು ಅವನದೆಂದು ತೋರಿಸುವುದು. ಹುಡುಗಿ ಒಪ್ಪಿದರೆ ಬೇಸಿಗೆಯಲ್ಲಿ ಮದುವೆ. ಮದುವೆಗೆ ಮೊದಲು ಅವಳು ಕೆಲಸ ಬಿಡಬೇಕು, ಮಸ್ಕತ್ತಿಗೆ ಹೋಗುವವಳಿಗೆ ಗದಗಿನ ಲ್ಯಾಬು ಯಾಕೆ? ಮದುವೆಯಾದ ಮೇಲೆ ಇವನೊಬ್ಬನೇ ವಾಪಸು ಬರುತ್ತಾನೆ. ಇವನ ಸಂಬಳಕ್ಕೆ, ಇವನ ರೆಸಿಡೆಂಟ್ ಕಾರ್ಡಿನ ಮೇಲಿರುವ ಹುದ್ದೆಗೆ ಹೆಂಡತಿಯ ವೀಸಾ ಸಿಗುವುದಿಲ್ಲ. ಅವಳು ಅತ್ತೆಯ ಮನೆಯಲ್ಲಿ ಅತ್ತೆಯ ಸೇವೆ ಮಾಡುತ್ತಾ, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ವೀಸಾದ ದಾರಿ ನೋಡಬೇಕು. ಇದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಮುಚ್ಚಿಡಲೂ ಇಲ್ಲ. ಒಮ್ಮೆ ತಾಳಿ ಬಿದ್ದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎನ್ನುವುದು ಅವರ ತತ್ವ.

ತಮ್ಮ ಸಂಸಾರವನ್ನೇ ಅವರು ಅದಕ್ಕೆ ಸಾಕ್ಷಿಗೆ ಎಳೆದು ತಂದರು. ಪ್ರತಿ ಸಮಾರಂಭದಲ್ಲೂ ಹೇಳುವ ಕಥೆ ಅದು. ಫ್ಲ್ಯಾಟ್ ಇದೆ ಎಂದು ಹೇಳಿ ವೈನಿಯನ್ನು ಕರೆತಂದದ್ದು, ಅದು ಎರಡು ಸಂಸಾರ ಹಂಚಿಕೊಂಡ ಮನೆಯ ಒಂದು ಕೋಣೆ ಆಗಿದ್ದುದು, ಒಲೆ ಸಿಗಲು ವೈನಿ ಸರದಿ ಕಾಯುತ್ತಿದ್ದುದು. ಇದನ್ನೆಲ್ಲ ಅವರು ತಾವು ಹತ್ತಿ ಬಂದ ಮೆಟ್ಟಿಲುಗಳೆಂಬಂತೆ ವರ್ಣಿಸುತ್ತಾರೆ, ಕೇಳಿದವರು ನಗುತ್ತಾರೆ. ವೈನಿಯೂ ನಗುತ್ತಾರೆ. ಅಥವಾ ಹಾಗೆಂದು ನಾನು ತಿಳಿದಿದ್ದೆ. ಅವರು ನಕ್ಕ ಒಂದೇ ಒಂದು ಸಲವನ್ನು ಈಗ ನೆನಪಿಗೆ ತಂದುಕೊಳ್ಳಲು ಹೋದರೆ ಏನೂ ಸಿಗುತ್ತಿಲ್ಲ.

ಆಮೇಲೆ ಸಿದ್ಧತೆ ಶುರುವಾಯಿತು. ಮುಂದಾಳತ್ವ ಟೀಚರಮ್ಮನದು. ಗೋಡೆಯ ಮೇಲಿದ್ದ ಸಾಹೇಬರ ಮಕ್ಕಳ ಫೋಟೋ ಇಳಿಸಿದರು. ಸೋಫಾದ ದಿಂಬು ಸರಿಮಾಡಿದರು. ಹುಡುಗನ ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣುವಂತೆ ಕುರ್ಚಿ ತಿರುಗಿಸಿದರು. ಕಾಲರಿಗೆ ಇಸ್ತ್ರಿ ಸಾಲದೆಂದು ಅಂಗಿ ಬಿಚ್ಚಿಸಿ ತಾವೇ ಉಜ್ಜಿಕೊಟ್ಟರು. ಬಾಡಿಗೆ ಕೋಟಿನ ಕಥೆಗೆ ಅತ್ತ ಕಣ್ಣುಗಳ ಕೆಂಪು ಇನ್ನೂ ಇಳಿದಿರಲಿಲ್ಲ. ಗದ್ದ ಸ್ವಲ್ಪ ಎತ್ತಪ್ಪಾ ಎಂದೂ ಹುಡುಗನಿಗೆ ಹೇಳಿದರು.

"ಇದೇ ಅಲ್ವಾ ಮಾರಾಯ್ರೆ ನಿಮ್ಮ ಪುಸ್ತಕದಲ್ಲಿ ಇದ್ದದ್ದು?" ಎಂಬ ಮಾತು ಆ ಹೊತ್ತಿಗೆ ಬಂತು. ಅದನ್ನು ಹೇಳಿದವನು ನಾನು ಎಂದು ನನ್ನ ನೆನಪು ಹೇಳುತ್ತದೆ. ಆದರೆ ನಾನು ಮಾರಾಯ್ರೆ ಎನ್ನುವವನಲ್ಲ. ಮಾತು ಬ್ಯಾರಿ ಸಾಹುಕಾರರದೇ ಇರಬೇಕು. ನನ್ನ ನೆನಪು ನನ್ನ ಪರವಾಗಿ ಇಂಥ ಸಣ್ಣ ಕಳ್ಳತನಗಳನ್ನು ಮಾಡುತ್ತಲೇ ಇರುತ್ತದೆ. ಸಾಹೇಬರ ಉತ್ತರದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

"ಅದು ಬ್ಯಾರೆ ಐತ್ರಿ. ಅವರದು ಮೋಸ. ಇದು ಅಡ್ಜಸ್ಟ್‌ಮೆಂಟ್."

ಟೀಚರಮ್ಮ ತಲೆಯಾಡಿಸಿದರು.

ಇಲ್ಲಿ ಎಲ್ಲ ಆ್ಯಪಿನಲ್ಲೂ ವಿಡಿಯೋ ಕಾಲ್ ಹೋಗುವುದಿಲ್ಲವಾದ್ದರಿಂದ ಸಾಹೇಬರು ತಮ್ಮ ಆಫೀಸಿನ ಮೀಟಿಂಗ್ ಆ್ಯಪಿನಲ್ಲೇ ಕರೆ ಹಚ್ಚಿದರು. ಪರದೆಯಲ್ಲಿ ಹುಡುಗಿಯ ತಂದೆ ಯಾವುದೋ ಕಾಮಗಾರಿಯ ಪರಿಶೀಲನಾ ಸಭೆಗೆ ಬಂದವರಂತೆ ಮೂಡಿದರು. ನಾವೆಲ್ಲ ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಅಂಟಿಕೊಂಡೆವು. ಈ ಮನೆಯಲ್ಲಿ ಒಂಟಿ ಹುಡುಗ ಮಾತ್ರ ಇರುವುದೆಂದ ಮೇಲೆ ಹೆಂಗಸಿನ ಸುಳಿವು ಬೇಡವೆಂದು ಸಾಹೇಬರು ವೈನಿಗೆ ಸನ್ನೆ ಮಾಡಿದರು. ವೈನಿ ಅಡುಗೆಮನೆ ದಾಟಿ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಹೊರಗೆ ಕಾವು ಇನ್ನೂ ಇಳಿದಿರಲಿಲ್ಲ. ಅದರ ಮೇಲೆ ಎ.ಸಿ.ಯ ಹೊರಗಿನ ಯಂತ್ರ ಬಿಸಿಗಾಳಿ ಉಗುಳುವುದೂ ಅಲ್ಲಿಯೇ.

ತಂದೆ ಕೇಳಿದ್ದು ವಾಡಿಕೆಯ ಪ್ರಶ್ನೆಗಳು. ಹುಡುಗ ಕಲಿಸಿಕೊಟ್ಟ ಉತ್ತರಗಳನ್ನು ಹೇಳಿದ. ಅವನು ಹೇಳುವ ಮೊದಲೇ ಸಾಹೇಬರ ತುಟಿ ಗೋಡೆಯ ಬದಿಯಿಂದ ಅದನ್ನು ಹೇಳುತ್ತಿತ್ತು. ಆಮೇಲೆ ಫೋನು ಹುಡುಗಿಯ ಕೈಗೆ ಹೋಯಿತು. ನನಗೆ ಪರದೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಸಂಕೋಚವಿಲ್ಲದ, ಕೆಲಸಕ್ಕೆ ಹೋಗುವವಳ ದನಿ. ಕೆಲಸದ ಬಗ್ಗೆ ಒಂದೆರಡು ಮಾತು ಕೇಳಿ, ಅಡುಗೆ ಯಾರು ಮಾಡುತ್ತಾರೆ ಎಂದಳು. ತಾನೇ ಮಾಡಿಕೊಳ್ಳುತ್ತೇನೆ ಎಂದ. ಅದು ಕಲಿಸಿಕೊಟ್ಟ ಉತ್ತರವಾಗಿರಲಿಲ್ಲ, ನಿಜವೇ ಆಗಿತ್ತು. ಸಹಮ್‌ನ ಖೋಲಿಯಲ್ಲಿ ಜೊತೆಯವರಿಗೂ ಅವನದೇ ಅಡುಗೆಯಂತೆ.

"ಹಂಗಾದ್ರ ಒಂದ್ ಕಪ್ ಚಾ ಮಾಡ್ಕೋರಿ," ಎಂದಳು ಹುಡುಗಿ. "ನಾನೂ ಇಲ್ಲೆ ಚಾ ಕುಡ್ಯಾಕತ್ತೇನಿ. ಮಾತಾಡ್ಕೋತ ಕೂಡೇ ಕುಡಿಯೋಣು."

ಅದು ಪರೀಕ್ಷೆಯೋ ಸಲಿಗೆಯೋ ನನಗೆ ಗೊತ್ತಿಲ್ಲ. ಪರೀಕ್ಷೆ ಎಂದು ಸಾಹೇಬರು ಇಂದಿಗೂ ನಂಬಿದ್ದಾರೆ. ನನ್ನ ತೊಂದರೆ ಬೇರೆ. ಅಕ್ಕಿ ಎಲ್ಲಿದೆ ಎಂದು ಕೇಳುವ ಜಪಾನಿ ಮದುಮಗಳ ದೃಶ್ಯ ಯಾವ ಪುಸ್ತಕದಲ್ಲೂ ಸಿಗದೇ ಹೋದಾಗಿನಿಂದ, ನಾನು ಆ ದಿನ ಕೂಟದಲ್ಲಿ ಅದನ್ನು ನಿಜವಾಗಿ ಹೇಳಿದೆನೋ, ಅಥವಾ ಈ ಹುಡುಗಿಯ ಮಾತು ಕೇಳಿದ ಮೇಲೆ ಅದನ್ನು ಹಿಂದಕ್ಕೆ ಹೋಗಿ ಸೇರಿಸಿಕೊಂಡೆನೋ ಎಂಬ ಶಂಕೆ ಹತ್ತಿದೆ. ಹಾಗಿದ್ದರೆ ಟೀಚರಮ್ಮ ಅತ್ತದ್ದು ಯಾವುದಕ್ಕೆ? ಅತ್ತದ್ದಂತೂ ನಿಜ, ಟಿಶ್ಯೂ ಪೇಪರ್ ನಿಜ.

ಹುಡುಗ ಫೋನು ಹಿಡಿದು ಅಡುಗೆಮನೆಗೆ ನಡೆದ. ನಾವು ತುದಿಗಾಲಿನಲ್ಲಿ ಹಿಂಬಾಲಿಸಿ ಬಾಗಿಲ ಬಳಿ ಗುಂಪಾದೆವು. ಅವನು ಫೋನನ್ನು ಮಿಕ್ಸಿಗೆ ಒರಗಿಸಿಟ್ಟ. ಫ್ರಿಜ್ಜಿನಲ್ಲಿ ಹಾಲು ಸಿಕ್ಕಿತು. ಸಕ್ಕರೆಗೆ ಒಂದು ಕಪಾಟು ತೆರೆದ, ಹಬ್ಬದ ಪಾತ್ರೆಗಳು ಕಂಡವು. ಇನ್ನೊಂದು ತೆರೆದ, ಉಪ್ಪಿನಕಾಯಿ ಭರಣಿ. ಎಲ್ಲಿಟ್ಟೆನೋ ಎಂದು ತಾನೇ ಗೊಣಗಿಕೊಂಡ. ಅಷ್ಟು ನಟನೆ ಅವನಿಗೂ ಬರುತ್ತಿತ್ತು. ಕೊನೆಗೆ ಸಕ್ಕರೆ, ಚಹಾಪುಡಿ ಎರಡೂ ಸಿಕ್ಕವು. ಪಾತ್ರೆ ಇಟ್ಟು, ಒಲೆಯ ನಾಬ್ ತಿರುಗಿಸಿ ಲೈಟರ್ ಒತ್ತಿದ. ಹತ್ತಲಿಲ್ಲ. ಮತ್ತೆ ಒತ್ತಿದ. ಇನ್ನೊಂದು ಒಲೆಗೂ ಒತ್ತಿ ನೋಡಿದ.

ಇಲ್ಲಿಯ ಫ್ಲ್ಯಾಟುಗಳಲ್ಲಿ ಸಿಲಿಂಡರು ಒಳಗಿರುವುದಿಲ್ಲ. ಬಾಲ್ಕನಿಯಲ್ಲಿರುತ್ತದೆ, ಗೋಡೆ ಕೊರೆದು ಪೈಪು ಒಳಗೆ ಬಂದಿರುತ್ತದೆ. ವೈನಿಗೆ ಪ್ರತಿ ಅಡುಗೆಯ ನಂತರ ಹೊರಗೆ ಹೋಗಿ ಸಿಲಿಂಡರಿನ ವಾಲ್ ಮುಚ್ಚುವ ರೂಢಿ. ಫ್ಲಾಸ್ಕಿಗೆ ಚಹಾ ತುಂಬಿದ ಮೇಲೂ ಮುಚ್ಚಿದ್ದರು. ಆ ಮನೆಯಲ್ಲಿ ಬದುಕುವ ಮಕ್ಕಳಿಗೂ ಅದು ಗೊತ್ತು. ಹುಡುಗನಿಗೆ ಗೊತ್ತಿಲ್ಲ, ಅವರ ಖೋಲಿಯಲ್ಲಿ ಸಿಲಿಂಡರು ಒಲೆಯ ಬುಡದಲ್ಲೇ ಇರುತ್ತದೆ.

"ಗ್ಯಾಸ್ ಖಾಲಿ ಆತೇನ್ರಿ?" ಎಂದಳು ಹುಡುಗಿ.

ಇರಬೇಕು ಎಂದು ಅವನು ಬಗ್ಗಿ ಕಟ್ಟೆಯ ಕೆಳಗಿನ ಬಾಗಿಲು ತೆರೆದ. ಈರುಳ್ಳಿ ಬುಟ್ಟಿ ಕಂಡಿತು. ಪಕ್ಕದ್ದು ತೆರೆದ. ಬಕೆಟ್ಟು, ಪೊರಕೆ.

"ನಿಮ್ಮನಿ ಸಿಲಿಂಡರ್ ನಿಮಗ ಸಿಗವಲ್ದು?" ಎಂದಳು. ನಗುತ್ತಲೇ ಕೇಳಿದಳು.

ಬಾಗಿಲ ಬಳಿ ಸಾಹೇಬರು ಟ್ರಾಫಿಕ್ ಪೊಲೀಸನಂತೆ ಕೈ ಬೀಸಿ ಬಾಲ್ಕನಿ ತೋರಿಸುತ್ತಿದ್ದರು. ಟೀಚರಮ್ಮ ಅದೃಶ್ಯ ವಾಲ್ ಒಂದನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು. ಕ್ಯಾಮೆರಾದ ಎದುರಿಗಿದ್ದ ಹುಡುಗನಿಗೆ ನಮ್ಮತ್ತ ತಿರುಗುವ ಧೈರ್ಯವಿರಲಿಲ್ಲ. ಗಾಜಿನ ಆಚೆ ವೈನಿ ನಿಂತಿದ್ದರು. ಸಿಲಿಂಡರು ಅವರ ಕಾಲ ಬುಡದಲ್ಲಿತ್ತು. ಬಗ್ಗಿ ಒಂದು ಸಲ ಕೈ ತಿರುಗಿಸಿದ್ದರೆ ಒಳಗೆ ಒಲೆ ಹತ್ತುತ್ತಿತ್ತು, ಚಹಾ ಕುದಿಯುತ್ತಿತ್ತು, ಬೇಸಿಗೆಯಲ್ಲಿ ಮದುವೆ ಆಗುತ್ತಿತ್ತು. ಅವರು ಬಗ್ಗಲಿಲ್ಲ.

ಅವರು ಒಳಗೆ ನೋಡುತ್ತಾ ನಿಂತಿದ್ದರು ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹಾಗೆ ಹೇಳಿದರೆ ಕಥೆಗೆ ಕಳೆ ಬರುತ್ತದೆ. ಆದರೆ ಕೆಲವು ಸಲ ನನ್ನ ಕಣ್ಣಿಗೆ ಅವರ ಬೆನ್ನು ಮಾತ್ರ ಬರುತ್ತದೆ. ಕಟಕಟೆಗೆ ಕೈಯೂರಿ ದೂರದ ವಿದ್ಯುತ್ ಸ್ಥಾವರದ ಚಿಮಣಿಗಳತ್ತ ನೋಡುತ್ತಿರುವ ಒಂದು ಬೆನ್ನು, ಬೆವರಿಗೆ ಅಂಟಿದ ರವಿಕೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಎರಡನ್ನೂ ನಾನು ಕಂಡಿದ್ದೇನೆ.

ಹುಡುಗ ನೆಟ್ಟಗೆ ನಿಂತ. ಲೈಟರನ್ನು ಕಟ್ಟೆಯ ಮೇಲಿಟ್ಟ.

"ಇದು ನನ್ನ ಮನಿ ಅಲ್ರಿ," ಎಂದ. "ಅಣ್ಣನ ಮನಿ."

"ನಿಮ್ಮದು ಎಲ್ಲೈತಿ?"

"ಸಹಮ್‌ದಾಗ. ವರ್ಕ್‌ಶಾಪಿನ ಹಿಂದ ಒಂದು ಖೋಲಿ. ನಾಕು ಮಂದಿ ಇರ್ತೇವಿ."

"ಅದನ್ನ ತೋರಸ್ರಿ ಹಂಗಾದ್ರ. ಅಲ್ಲಿಗೆ ಹೋದಾಗ."

ತಂದೆ ಫೋನು ಕಿತ್ತುಕೊಂಡು, ವಿಚಾರ ಮಾಡಿ ತಿಳಿಸುತ್ತೇವೆ ಎಂದರು. ಸಭೆ ಮುಕ್ತಾಯವಾಗಿದೆ ಎಂದು ಆಫೀಸಿನ ಆ್ಯಪು ಇಂಗ್ಲಿಷಿನಲ್ಲಿ ತಿಳಿಸಿತು.

ಆಮೇಲಿನ ಅರ್ಧ ಗಂಟೆಯನ್ನು ನಾನು ಯಾವ ಕಾದಂಬರಿಗೂ ಬದಲು ಕೊಡುವುದಿಲ್ಲ. ನಮ್ಮ ಕೂಟ ಅಷ್ಟು ಒಮ್ಮತಕ್ಕೆ ಬಂದದ್ದನ್ನು ನಾನು ಮತ್ತೆ ನೋಡಿಲ್ಲ. ಹುಡುಗಿ ಜೋರು. ಮದುವೆಗೆ ಮೊದಲೇ ಗಂಡಸಿನ ಕೈಯಲ್ಲಿ ಚಹಾ ಮಾಡಿಸುವವಳು ಆಮೇಲೆ ಏನು ಬಿಟ್ಟಾಳು? ದುಡಿಯುವ ಹುಡುಗಿಯರೇ ಹೀಗೆ. ಟೀಚರಮ್ಮ ತಾವೂ ದುಡಿಯುವ ಹೆಂಗಸೇ ಎಂಬುದನ್ನು ಅಷ್ಟು ಹೊತ್ತು ಮರೆತಿದ್ದರು. ಟೀಪಾಯಿಯ ಮೇಲೆ ಕಾದಂಬರಿ ಮುಖಪುಟ ಮೇಲಾಗಿ ಬಿದ್ದಿತ್ತು. ಅದರಲ್ಲಿ ತಲೆ ತಗ್ಗಿಸಿದ ಜಪಾನಿ ಹುಡುಗಿಯ ಚಿತ್ರವಿತ್ತು. ತಲೆ ತಗ್ಗಿಸಿದ್ದರೆ ಎಂಥ ದೂರದವಳಿಗೂ ನಮ್ಮವರ ಕಣ್ಣೀರು ಸಿಗುತ್ತದೆ. ಸಿಲಿಂಡರ್ ಎಲ್ಲಿ ಎಂದು ಕೇಳಿದವಳು ಗದಗಿನವಳಾದರೂ ಪರಕೀಯಳು.

ಸಾಹೇಬರು ಹುಡುಗನನ್ನು ಏನೂ ಅನ್ನಲಿಲ್ಲ. ವೈನಿ ಒಳಗೆ ಬಂದಾಗ ಎಲ್ಲರ ಎದುರಿಗೇ ಕೇಳಿದರು. "ಒಂದ್ ವಾಲ್ ತಿರುವಾಕ ಏನಾಗಿತ್ತು ನಿನಗ?"

"ಏನೂ ಕೇಳಿಸ್ಲಿಲ್ರಿ," ಎಂದರು ವೈನಿ. "ಎ.ಸಿ. ಸಪ್ಪಳ."

ಮುಖ ತೊಳೆದುಕೊಂಡು, ವಾಲ್ ತೆರೆದು, ಹುಡುಗನಿಗೆ ಹೊಸದಾಗಿ ಚಹಾ ಮಾಡಿಕೊಟ್ಟರು. ಅವನು ನಿಂತುಕೊಂಡೇ ಕುಡಿದ.

ಬಸ್ಸಿಗೆ ಅವನನ್ನು ಬಿಡಲು ಹೋದವನು ನಾನು. ದಾರಿಯುದ್ದಕ್ಕೂ ಅವನು ಅಣ್ಣನ ಅಂಗಿಯ ಗುಂಡಿಯನ್ನು ಮುಟ್ಟಿಕೊಳ್ಳುತ್ತಿದ್ದ. ತನ್ನ ಅಂಗಿಯನ್ನು ಒಳಕೋಣೆಯಲ್ಲೇ ಮರೆತು ಬಂದಿದ್ದ. ಸಮಾಧಾನದ ಮಾತು ಹೇಳಲು ನನಗೆ ಬರುವುದಿಲ್ಲ. ನಿನಗೆ ಮೊದಲೇ ನಿಜ ಹೇಳಬೇಕು ಅನ್ನಿಸಿತ್ತೇ ಎಂದು ಸಂಶೋಧಕನ ಹಾಗೆ ಕೇಳಿದೆ. ಅವನು ತುಸು ಯೋಚಿಸಿದ.

"ಅಂಥಾದ್ದೇನಿಲ್ಲ ಸರ್. ಲೈಟರ್ ಕೆಟ್ಟೈತಿ ಅಂದ್ಕೊಂಡಿದ್ದೆ." ಸ್ವಲ್ಪ ದೂರ ಹೋದ ಮೇಲೆ ಸಣ್ಣಗೆ ನಕ್ಕ. "ಪಂಪ್ ರಿಪೇರಿ ಮಾಡಾಂವ ನಾ. ನೀರ್ ಬರ್ಲಿಲ್ಲಂದ್ರ ಮೊದಲ ವಾಲ್ ನೋಡು ಅಂತ ಮಂದಿಗೆ ಬೈತೇನಿ."

ನನ್ನ ಪ್ರಬಂಧದ ಎರಡು ಅಧ್ಯಾಯಗಳಲ್ಲಿ ಇಂಥ ಒಬ್ಬ ಗಂಡಸಿಗೆ ಜಾಗ ಇರಲಿಲ್ಲ.

ಮುಂದಿನ ವಾರ ಹುಡುಗಿ ಎಲ್ಲಿಂದಲೋ ವೈನಿಯ ನಂಬರು ಪಡೆದು ಫೋನ್ ಮಾಡಿದಳು. ಇದು ಸಾಹೇಬರಿಗೆ ಗೊತ್ತಾದದ್ದು ತಡವಾಗಿ, ಗೊತ್ತಾದ ಮೇಲೆ ಅವರು ನಮ್ಮೆಲ್ಲರಿಗೂ ಹೇಳಿಕೊಂಡು ಬಂದರು. ಹೆಂಡತಿ ಬಾಗಿಲು ಹಾಕಿಕೊಂಡು ಬಾಲ್ಕನಿಯಲ್ಲಿ ಬಹಳ ಹೊತ್ತು ಮಾತಾಡಿದಳು, ಕೂಡಿ ಬಂದ ಸಂಬಂಧ ಕೆಡಿಸಿದಳು ಎಂದು. ಆ ಸಂಕಟದಲ್ಲಿ ಅವರು ಮುಂದಿನ ತಿಂಗಳ ಪುಸ್ತಕ ಆರಿಸುವುದನ್ನೂ ಮರೆತರು. ಯಾರಿಗೂ ಅದರಿಂದ ನಷ್ಟವಾದಂತೆ ಕಾಣಲಿಲ್ಲ.

ಒಂದು ಸಂಜೆ ಪುಸ್ತಕ ಹಿಂದಿರುಗಿಸುವ ನೆಪದಲ್ಲಿ ಹೋಗಿ ವೈನಿಯನ್ನೇ ಕೇಳಿದೆ, ಆ ದಿನ ನಿಮಗೆ ನಿಜವಾಗಿ ಏನೂ ಕಾಣಲಿಲ್ಲವೇ ಎಂದು. ಅವರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಇನ್ನೊಂದು ಕಟ್ಟು ಬಿಚ್ಚಿಕೊಂಡರು. ಫೋನಿನಲ್ಲಿ ಏನು ಹೇಳಿದಿರಿ ಎಂದೆ.

"ನಾ ಏನೂ ಹೇಳ್ಲಿಲ್ಲ. ಆಕಿ ಕೇಳಿದ್ಲು. ಲಗ್ನ ಆದಮ್ಯಾಲೆ ನಾ ಎಲ್ಲಿರ್ತೇನ್ರಿ ಅಂದ್ಲು. ಸಹಮ್‌ದಾಗ ಇರಾಕ ಬರೂದಿಲ್ಲ, ನಮ್ಮನ್ಯಾಗ ಇರಾಕ ಬರೂದಿಲ್ಲ, ನಿಮ್ಮತ್ತಿ ಮನ್ಯಾಗ ಇರ್ತೀ ನೋಡವ್ವಾ ಅಂದೆ."

"ಅಷ್ಟೇನಾ? ಬಹಳ ಹೊತ್ತು ಮಾತಾಡಿದಿರಂತಲ್ಲ."

"ಉಳಿದದ್ದು ಆಕಿ ಕೆಲಸದ್ದು. ರಕ್ತ ಹೆಂಗ ತೆಗಿತಾರ, ಅದನ್ನ ಹೆಂಗ ನೋಡ್ತಾರ, ಎಲ್ಲಾ ಹೇಳಿದ್ಲು. ನನಗ ಕೇಳೂಣು ಅನಿಸ್ತು, ಕೇಳಿದೆ."

ಇದನ್ನು ನಾನು ನಂಬಿದ್ದೇನೆ. ಹಾಗಾದರೆ ಬಾಲ್ಕನಿಯಲ್ಲಿ ಅವರ ಬೆನ್ನು ಕಂಡದ್ದೇ ನಿಜವೇ ಎಂದು ಮತ್ತೊಂದು ಸಲ ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿದ್ದುದು ಎ.ಸಿ. ಸಪ್ಪಳದ ಬಗ್ಗೆಯೇ.

ಗದಗಿನಿಂದ ಉತ್ತರ ಬಂತೇ ಎಂದು ತಿಳಿಯಲು ಸಹಮ್‌ಗೆ ಫೋನು ಮಾಡಿದೆ. ಹಿಂದೆ ಯಾವುದೋ ಪಂಪು ಗುರುಗುಟ್ಟುತ್ತಿತ್ತು. ಅವನು ಹೊರಗೆ ಬಂದು ಮಾತಾಡಿದ.

ಹುಡುಗಿ ಶುಕ್ರವಾರ ತಾನೇ ಫೋನ್ ಮಾಡಿದ್ದಳಂತೆ. ಇವನು ಉಳಿದ ಮೂವರನ್ನು ಹೊರಗೆ ಕಳಿಸದೆ, ಯಾರ ಅಂಗಿಯನ್ನೂ ತೊಡದೆ, ಖೋಲಿಯನ್ನು ಇದ್ದ ಹಾಗೆಯೇ ತೋರಿಸಿದ್ದಾನೆ. ಮಂಚಗಳು, ಹಗ್ಗದ ಮೇಲಿನ ಬಟ್ಟೆ, ಒಲೆ. ಆ ಮೂವರೂ ಅವಳಿಗೆ ನಮಸ್ಕಾರ ಹೇಳಿದ್ದಾರೆ. ಅಲ್ಲಿ ಚಹಾವೂ ಆಯಿತಂತೆ, ಅವಳು ಗದಗಿನಲ್ಲಿ, ಇವರು ಸಹಮ್‌ನಲ್ಲಿ.

"ಏನಂದಳು?" ಎಂದೆ.

"ಬ್ಯಾಡ ಅಂದ್ಲು ಸರ್," ಎಂದ. "ಮನಿ ನೋಡಿ ಅಲ್ಲಂತ. ಆಕಿಗೆ ಕೆಲಸ ಬಿಡೂ ಮನಸಿಲ್ಲಂತ. ಚಾ ಪೂರಾ ಕುಡದ್ಲು, ಆಮ್ಯಾಲೆ ಹೇಳಿದ್ಲು."